ಹಲಗೆಯ ಮೇಲಿನ 44 ಹೆಸರುಗಳು

ತಂಡದಲ್ಲಿ ಯಾರಿರಬೇಕೆಂಬುದನ್ನು ನೋಡಿಕೊಳ್ಳುವ ಲಿಸ್ಟ್ ಮ್ಯಾನೇಜರರ ಕೋಣೆಯ ಒಂದು ಗೋಡೆಯನ್ನು ಬಿಳಿಯ ಹಲಗೆಯೊಂದು ಪೂರ್ತಿಯಾಗಿ ಆವರಿಸಿಕೊಂಡಿತ್ತು. ಅಡ್ಡಸಾಲುಗಳಲ್ಲಿ ಆಟದ ಸ್ಥಾನಗಳು, ಉದ್ದಸಾಲುಗಳಲ್ಲಿ ಕರಾರು ಮುಗಿಯುವ ವರ್ಷಗಳು. ಒಬ್ಬೊಬ್ಬ ಆಟಗಾರನಿಗೂ ಅಯಸ್ಕಾಂತದ ಒಂದೊಂದು ಬಿಲ್ಲೆ, ಅದರ ಮೇಲೆ ಅವನ ಹೆಸರು ಮತ್ತು ಆ ವರ್ಷದ ಡಿಸೆಂಬರ್ 31ಕ್ಕೆ ಅವನಿಗೆ ತುಂಬುವ ವಯಸ್ಸು. ಮೆಲ್ಬರ್ನಿನ ಎಎಫ್ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಕ್ಲಬ್ಬೊಂದರಲ್ಲಿ ನಾನು ಆರು ವರ್ಷ ಈ ಹಲಗೆಯ ಎದುರು ಕುಳಿತು ಕೆಲಸ ಮಾಡಿದ್ದೇನೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಉನ್ನತ ವ್ಯಾಸಂಗಕ್ಕೆಂದು ಆಸ್ಟ್ರೇಲಿಯಾಕ್ಕೆ ಹೋದವನಿಗೆ ಅಲ್ಲಿಯ ಫುಟ್‌ಬಾಲಿನ ಹುಚ್ಚು ಹಿಡಿಯಲು ಒಂದು ಚಳಿಗಾಲ ಸಾಕಾಯಿತು; ಆ ಹುಚ್ಚೇ ಉದ್ಯೋಗವಾದದ್ದು ನನ್ನ ಭಾಗ್ಯವೆಂದು ತಿಳಿದಿದ್ದೇನೆ. ಕರಾರುಗಳ ವಿವರ ಗೋಪ್ಯವಾದುದರಿಂದ ಕ್ಲಬ್ಬಿನ ಹೆಸರನ್ನಾಗಲಿ ನಮ್ಮ ಆಟಗಾರರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಮಾತ್ರ, ನಾನು ಕಲಿತ ಕ್ರಮದಲ್ಲಿ, ಹೇಳುತ್ತೇನೆ.

ಅಂಡಾಕಾರದ ಮೈದಾನದಲ್ಲಿ ಒಂದೊಂದು ಕಡೆ 18 ಮಂದಿ ಆಡುವ ಈ ಆಟದಲ್ಲಿ ಕ್ಲಬ್ಬೊಂದು ಮುಖ್ಯ ಪಟ್ಟಿ ಹಾಗೂ ರೂಕಿ (ಹೊಸಬರ) ಪಟ್ಟಿ ಸೇರಿ 42 ಆಟಗಾರರನ್ನು ಇಟ್ಟುಕೊಳ್ಳಬಹುದು. ಬೇರೆ ಕ್ರೀಡೆಗಳಿಂದ ಬಂದವರೇ ಮೊದಲಾದವರಿಗಾಗಿ ಇರುವ 'ಬಿ' ವರ್ಗದ ಇಬ್ಬರು ರೂಕಿಗಳನ್ನೂ ಸೇರಿಸಿದರೆ 44. ಮೊದಲ ವರ್ಷ ಈ ಸಂಖ್ಯೆಯನ್ನು ನಾನು ಬರಿಯ ನಿಯಮವೆಂದು ಓದಿಕೊಂಡಿದ್ದೆ. ಪ್ರತಿಯೊಂದು ಟ್ರೇಡ್ (ಕ್ಲಬ್ಬುಗಳ ನಡುವಿನ ವಿನಿಮಯ), ಪ್ರತಿಯೊಂದು ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ), ಉಳಿಸಿದ ಪ್ರತಿಯೊಂದು ಡಾಲರ್ ಕೊನೆಗೆ ಬಂದು ತಟ್ಟುವುದು ಈ ಸಂಖ್ಯೆಗೇ ಎಂದು ಅರ್ಥವಾಗಲು ಎರಡು ವರ್ಷ ಬೇಕಾಯಿತು. ಅದನ್ನು ಕಲಿಸಿದ ಪ್ರಸಂಗಕ್ಕೆ ಆಮೇಲೆ ಬರುತ್ತೇನೆ.

ಸೆಪ್ಟೆಂಬರಿನ ಕೊನೆಯ ಶನಿವಾರ ಗ್ರ್ಯಾಂಡ್ ಫೈನಲ್ ಮುಗಿದು, ಅಕ್ಟೋಬರಿನಲ್ಲಿ ಸುಮಾರು ಹತ್ತು ದಿನಗಳ ಟ್ರೇಡ್ ಅವಧಿ ನಡೆಯುತ್ತದೆ. ನಗರದ ಪತ್ರಿಕೆಗಳೂ ರೇಡಿಯೊಗಳೂ ಆ ಹತ್ತು ದಿನ ಬೇರೇನನ್ನೂ ಮಾತಾಡುವುದಿಲ್ಲವೆನ್ನುವಷ್ಟು ಗದ್ದಲವಿರುತ್ತದೆಯಾದರೂ, ನಮ್ಮ ಕೆಲಸ ಆರಂಭವಾಗುತ್ತಿದ್ದದ್ದು ಏಪ್ರಿಲಿನಲ್ಲಿ. ಹಲಗೆಯ ಮೇಲಿನ ವಯಸ್ಸುಗಳನ್ನು ಮೂರು ವರ್ಷ ಮುಂದಕ್ಕೆ ಓಡಿಸಿ ನೋಡುವುದು ನನಗೆ ವಹಿಸಿದ ಮೊದಲ ಕೆಲಸವಾಗಿತ್ತು. ಎತ್ತರದ ಡಿಫೆಂಡರುಗಳಿಬ್ಬರೂ ಒಂದೇ ವರ್ಷ 32 ದಾಟುತ್ತಾರೆಯೇ, ಅವರ ಜಾಗಕ್ಕೆ ಬೆಳೆಯಬೇಕಾದ ಹುಡುಗ ಅಷ್ಟರಲ್ಲಿ ಎಷ್ಟು ಪಂದ್ಯ ಆಡಿರುತ್ತಾನೆ, ಮಿಡ್‌ಫೀಲ್ಡಿನ ನಾಲ್ವರ ಕರಾರು ಒಂದೇ ಅಕ್ಟೋಬರಿನಲ್ಲಿ ಮುಗಿಯುವಂತೆ ನಾವೇ ಗೊತ್ತಿಲ್ಲದೆ ಬರೆದುಬಿಟ್ಟಿದ್ದೇವೆಯೇ ಎಂಬಂಥ ಪ್ರಶ್ನೆಗಳಿಗೆ ಮೊದಲು ಉತ್ತರ ಸಿಗಬೇಕು. ಯಾರನ್ನು ತರಬೇಕೆಂಬ ಮಾತು ಬರುವುದು ಆನಂತರ.

ಇಲ್ಲಿಯ ವ್ಯವಹಾರವನ್ನು ಐಪಿಎಲ್ ಹರಾಜಿನಂತೆ ಊಹಿಸಿಕೊಂಡು ಊರಿನ ಸ್ನೇಹಿತರು ನನ್ನನ್ನು ಪ್ರಶ್ನೆ ಕೇಳುತ್ತಿದ್ದರು. ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಕರಾರಿನಲ್ಲಿರುವ ಎಎಫ್ಎಲ್ ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಇನ್ನೊಂದು ಕ್ಲಬ್ಬಿಗೆ ಕಳಿಸುವಂತಿಲ್ಲ, ಮತ್ತು ಟ್ರೇಡಿನಲ್ಲಿ ಹಣ ಕೊಟ್ಟು ಆಟಗಾರನನ್ನು ಕೊಳ್ಳುವಂತಿಲ್ಲ. ಆಟಗಾರನಿಗೆ ಪ್ರತಿಯಾಗಿ ಆಟಗಾರ ಅಥವಾ ಡ್ರಾಫ್ಟ್ ಪಿಕ್, ಅಂದರೆ ನವೆಂಬರಿನಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಯ ಸಂಖ್ಯೆ, ಕೊಡಬೇಕು. ಮುಂದಿನ ವರ್ಷದ ಸರದಿಯನ್ನೂ ಕೊಡಬಹುದೆಂಬ ನಿಯಮ 2015ರಲ್ಲಿ ಬಂತು. ಹೀಗಾಗಿ ಮೂರು ಕಡೆಯವರೂ, ಎಂದರೆ ಎರಡು ಕ್ಲಬ್ಬುಗಳು ಮತ್ತು ಆಟಗಾರ, ಏಕಕಾಲಕ್ಕೆ ಒಪ್ಪಬೇಕಾಗುತ್ತದೆ. ಕ್ಲಬ್ಬುಗಳೆರಡೂ ಒಪ್ಪಿ, ಆಟಗಾರನ ಮಡದಿಯ ಉದ್ಯೋಗದ ಕಾರಣಕ್ಕೆ ನಿಂತುಹೋದ ಮಾತುಕತೆಯನ್ನು ನಾನು ಕಂಡಿದ್ದೇನೆ, ಮತ್ತು ಅದು ನಿಂತದ್ದು ನ್ಯಾಯವೆಂದೇ ಇಂದಿಗೂ ಭಾವಿಸುತ್ತೇನೆ.

2012ರಿಂದ ಜಾರಿಯಲ್ಲಿರುವ ಫ್ರೀ ಏಜೆನ್ಸಿ, ಎಂದರೆ ಕರಾರು ಮುಗಿದ ಹಿರಿಯ ಆಟಗಾರ ತಾನೇ ಬೇರೆ ಕ್ಲಬ್ಬನ್ನು ಆರಿಸಿಕೊಳ್ಳುವ ಹಕ್ಕು, ಈ ಲೆಕ್ಕವನ್ನು ಇನ್ನಷ್ಟು ಜಟಿಲಗೊಳಿಸಿತು. ಒಂದೇ ಕ್ಲಬ್ಬಿನಲ್ಲಿ ಎಂಟು ವರ್ಷ ಸೇವೆ ಸಲ್ಲಿಸಿ, ಸಂಬಳದಲ್ಲಿ ಕ್ಲಬ್ಬಿನ ಮೇಲಿನ ಕಾಲುಭಾಗದೊಳಗಿರುವ ಆಟಗಾರ ಮೊದಲ ಸಲ ಕರಾರು ಮುಗಿಸಿದಾಗ 'ರಿಸ್ಟ್ರಿಕ್ಟೆಡ್' ಫ್ರೀ ಏಜೆಂಟ್ ಆಗುತ್ತಾನೆ. ಹೊರಗಿನ ಕ್ಲಬ್ಬು ಮುಂದಿಟ್ಟ ಮೊತ್ತವನ್ನು ಅವನ ಕ್ಲಬ್ಬು ಸರಿಗಟ್ಟಬಹುದು; ಸರಿಗಟ್ಟದಿದ್ದರೆ ಅವನು ಹೊರಟುಹೋಗುತ್ತಾನೆ, ಬಿಟ್ಟುಕೊಟ್ಟ ಕ್ಲಬ್ಬಿಗೆ ಲೀಗ್ ಪರಿಹಾರವಾಗಿ ಒಂದು ಪಿಕ್ ಕೊಡುತ್ತದೆ. 2013ರಲ್ಲಿ ಹಾಥಾರ್ನ್ ಚಾಂಪಿಯನ್ ಆದ ಕೆಲವೇ ದಿನಗಳಲ್ಲಿ ಲ್ಯಾನ್ಸ್ ಫ್ರ್ಯಾಂಕ್ಲಿನ್ ಒಂಬತ್ತು ವರ್ಷಗಳ, ಸುಮಾರು 1 ಕೋಟಿ ಡಾಲರಿನ ಕರಾರಿಗೆ ಸಿಡ್ನಿಗೆ ಹೋದದ್ದು ಹೀಗೆ. ಹಾಥಾರ್ನ್ ಸರಿಗಟ್ಟಲಿಲ್ಲ, ಅದಕ್ಕೆ ಸಿಕ್ಕಿದ್ದು 19ನೇ ಪಿಕ್. ನಮ್ಮ ಕೋಣೆಯಲ್ಲಿ ಈ ಕರಾರಿನ ಕುರಿತ ಚರ್ಚೆ ಮುಗಿದದ್ದೇ ಇಲ್ಲ. ಒಂಬತ್ತನೆಯ ವರ್ಷದಲ್ಲಿ, 2022ರಲ್ಲಿ, ಅವರು 1000ನೇ ಗೋಲು ಹೊಡೆದರು. ಸಿಡ್ನಿ ಆ ಅವಧಿಯಲ್ಲಿ ಮೂರು ಗ್ರ್ಯಾಂಡ್ ಫೈನಲ್ ತಲುಪಿ ಮೂರನ್ನೂ ಸೋತಿತು. ದೀರ್ಘ ಕರಾರು ಸರಿಯೋ ತಪ್ಪೋ ಎಂಬ ವಾದದಲ್ಲಿ ಎರಡೂ ಪಕ್ಷದವರು ಇದೇ ಉದಾಹರಣೆಯನ್ನು ಎತ್ತಿಕೊಳ್ಳುತ್ತಿದ್ದರು. ನಾನು ಸರಿ ಎನ್ನುವ ಪಕ್ಷದವನಾಗಿದ್ದೆ: ಸಾವಿರ ಗೋಲಿನ ಆಟಗಾರನಿಗೆ ಒಂಬತ್ತು ವರ್ಷ ಒಂದು ಜಾಗ ಮೀಸಲಿಡುವುದು ದುಬಾರಿಯಲ್ಲ.

ಸರಿಗಟ್ಟುವ ಹಕ್ಕು ಕೇವಲ ಬೆದರಿಕೆಯಾಗಿಯೂ ಕೆಲಸ ಮಾಡುತ್ತದೆ. 2015ರಲ್ಲಿ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ ಜೀಲಾಂಗಿಗೆ ಹೋಗಬಯಸಿದಾಗ ಅಡಿಲೇಡ್ ತಾನು ಸರಿಗಟ್ಟುವುದಾಗಿ ಸ್ಪಷ್ಟಪಡಿಸಿದ್ದರಿಂದ ಮಾತು ಟ್ರೇಡಿಗೆ ತಿರುಗಿ, ಅಡಿಲೇಡಿಗೆ 9 ಮತ್ತು 28ನೇ ಪಿಕ್‌ಗಳು ಹಾಗೂ ಒಬ್ಬ ಯುವ ಆಟಗಾರ ದೊರೆತರು. 2020ರಲ್ಲಿ ಜೆರೆಮಿ ಕ್ಯಾಮರಾನ್ ವಿಷಯದಲ್ಲಿ ಅವರ ಕ್ಲಬ್ಬು ಜಿಡಬ್ಲ್ಯುಎಸ್ (ಗ್ರೇಟರ್ ವೆಸ್ಟರ್ನ್ ಸಿಡ್ನಿ) ನಿಜವಾಗಿಯೇ ಸರಿಗಟ್ಟಿ, ಜೀಲಾಂಗಿನಿಂದ ಮೊದಲ ಸುತ್ತಿನ ಮೂರು ಪಿಕ್ ಪಡೆಯಿತು.

ಇನ್ನು ಹಣ. ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಲೀಗ್ ಮೇಲ್ಮಿತಿ ಹಾಕಿರುವಂತೆಯೇ ಕೆಳಮಿತಿಯನ್ನೂ ಹಾಕಿದೆ, ಮಿತಿಯ ಶೇ. 95ಕ್ಕಿಂತ ಕಡಿಮೆ ಖರ್ಚು ಮಾಡುವಂತಿಲ್ಲ. ತಂಡ ಎಳೆಯದಾಗಿರುವಾಗ ಮಿಕ್ಕುವ ಹಣವನ್ನು ಕರಾರಿನ ಮೊದಲ ವರ್ಷಗಳಿಗೆ ಹೆಚ್ಚಾಗಿ ಹಂಚಿ, ತಂಡ ಮಾಗುವ ವರ್ಷಗಳನ್ನು ಹಗುರಮಾಡಿಕೊಳ್ಳುವುದು ಒಳ್ಳೆಯ ಪದ್ಧತಿ. ಇದಕ್ಕೆ ತದ್ವಿರುದ್ಧವಾಗಿ ಭಾರವನ್ನು ಮುಂದಕ್ಕೆ ತಳ್ಳಿಕೊಂಡು ಹೋದರೆ ಒಂದು ಅಕ್ಟೋಬರಿನಲ್ಲಿ ಅದು ಎದುರಿಗೆ ಬಂದು ನಿಲ್ಲುತ್ತದೆ. 2020ರ ಟ್ರೇಡ್ ಅವಧಿಯ ಕೊನೆಯ ದಿನ ಸಂಬಳ ಮಿತಿಯ ಒತ್ತಡಕ್ಕೆ ಸಿಲುಕಿದ್ದ ಕಾಲಿಂಗ್‌ವುಡ್, ಇನ್ನೂ ಐದು ವರ್ಷ ಕರಾರಿದ್ದ ಆಡಂ ಟ್ರೆಲೋರ್ ಅವರನ್ನು ವೆಸ್ಟರ್ನ್ ಬುಲ್‌ಡಾಗ್ಸ್‌ಗೆ ಕಳಿಸಿತು. ಅವರ ಸಂಬಳದ ಒಂದು ಪಾಲನ್ನು ತಾನೇ ಕೊಡಲೂ ಒಪ್ಪಿಕೊಂಡಿತು. ಆ ಸಂಜೆ ನಾವೆಲ್ಲ ನಮ್ಮ ಕೆಲಸ ಬಿಟ್ಟು ಆ ಸುದ್ದಿಯನ್ನು ಮೌನವಾಗಿ ನೋಡುತ್ತ ನಿಂತಿದ್ದೆವು. ಮರುದಿನ ಬೆಳಿಗ್ಗೆ ಲಿಸ್ಟ್ ಮ್ಯಾನೇಜರರು ನನ್ನನ್ನು ಕರೆದು, ನಮ್ಮ ಎಲ್ಲ ಕರಾರುಗಳನ್ನೂ ಐದು ವರ್ಷ ಮುಂದಕ್ಕೆ ಮತ್ತೊಮ್ಮೆ ಕೂಡಿಸಿ ತರಲು ಹೇಳಿದರು.

ಅದೇ ಕಾಲಿಂಗ್‌ವುಡ್ ಮರುವರ್ಷ ಮಾಡಿದ ಒಂದು ಲೆಕ್ಕ ನನ್ನ ವೃತ್ತಿಯಲ್ಲಿ ಬಹಳ ಮುಖ್ಯವಾದುದು. ಕ್ಲಬ್ಬಿನ ಪರವಾಗಿ 100 ಪಂದ್ಯ ಆಡಿದ ತಂದೆಯ ಮಗನನ್ನು ಪಡೆಯುವ ಮೊದಲ ಹಕ್ಕು ಆ ಕ್ಲಬ್ಬಿಗಿರುತ್ತದೆ. ಇನ್ನೊಂದು ಕ್ಲಬ್ಬು ಯಾವ ಸರದಿಯಲ್ಲಿ ಅವನ ಹೆಸರು ಕೂಗುತ್ತದೋ ಆ ಸರದಿಯ ಬೆಲೆಯನ್ನು ತೆರಬೇಕು. ಬೆಲೆ ಕಟ್ಟಲು 2015ರಲ್ಲಿ ಲೀಗ್ ಒಂದು ಕೋಷ್ಟಕ ಮಾಡಿತು: ಮೊದಲ ಪಿಕ್‌ಗೆ 3000 ಅಂಕ, ಎರಡನೆಯದಕ್ಕೆ 2517, ನಾಲ್ಕನೆಯದಕ್ಕೆ 2034, ಹೀಗೆ ಇಳಿಯುತ್ತಿತ್ತು. 2021ರಲ್ಲಿ ಗೋಲ್ಡ್ ಕೋಸ್ಟ್ ನಾಲ್ಕನೆಯ ಸರದಿಯಲ್ಲಿ ನಿಕ್ ಡೇಕಾಸ್ ಹೆಸರು ಕೂಗಿತು. ಶೇ. 20 ರಿಯಾಯಿತಿ ಕಳೆದು ಕಾಲಿಂಗ್‌ವುಡ್ ತೆರಬೇಕಾದದ್ದು 1627 ಅಂಕ. ಅದು ಕೂಡಿಟ್ಟುಕೊಂಡಿದ್ದ 38, 40, 42 ಮತ್ತು 44ನೇ ಪಿಕ್‌ಗಳ ಅಂಕಗಳು ಕ್ರಮವಾಗಿ 465, 429, 395, 362, ಒಟ್ಟು 1651. ಯಾರ ಕಣ್ಣಿಗೂ ಬೀಳದ ನಾಲ್ಕು ಹಿಂದಿನ ಸರದಿಗಳು ಸೇರಿ ಒಬ್ಬ ಅಪ್ರತಿಮ ಆಟಗಾರ ದೊರೆತರು. 2023ರ ಗ್ರ್ಯಾಂಡ್ ಫೈನಲನ್ನು ನಾಲ್ಕು ಅಂಕಗಳಿಂದ ಗೆದ್ದ ತಂಡದಲ್ಲಿ ಅವರಿದ್ದರು.

ನನ್ನ ಎರಡನೆಯ ವರ್ಷದಲ್ಲೇ ನಮ್ಮ ಕ್ಲಬ್ಬಿಗೂ ಇಂಥ ಸಂದರ್ಭ ಒದಗಿತ್ತು. ಹಳೆಯ ಆಟಗಾರರೊಬ್ಬರ ಮಗ ಡ್ರಾಫ್ಟಿಗೆ ಬರುವವನಿದ್ದ. ಸಾಲಿನಲ್ಲಿ ಮುಂದಿರುವ ಸರದಿಯೊಂದನ್ನು ಕೊಟ್ಟು ಹಿಂದಿರುವ ಎರಡು ಸರದಿ ಪಡೆದರೆ ಆಗ ಅಂಕ ಹೆಚ್ಚುತ್ತಿತ್ತು: 20ನೇ ಪಿಕ್‌ಗೆ 912 ಅಂಕವಾದರೆ, 36 ಮತ್ತು 37 ಸೇರಿ 985. ಇಂಥ ಎರಡು ವಿನಿಮಯಗಳನ್ನು ನಾನು ಸೂಚಿಸಿದೆ, ಎರಡೂ ನಡೆದವು, ಅಂಕಗಳು ಬೇಕಾದಷ್ಟಾದವು. ಆದರೆ ಪಟ್ಟಿಯಲ್ಲಿ ಎಷ್ಟು ಜಾಗ ತೆರವಾಗಿದೆಯೋ ಅಷ್ಟೇ ಪಿಕ್‌ಗಳನ್ನು ಡ್ರಾಫ್ಟಿಗೆ ಒಯ್ಯಬಹುದು ಎಂಬ ನಿಯಮವನ್ನು ನನ್ನ ಕೋಷ್ಟಕದಲ್ಲಿ ಸೇರಿಸಿರಲಿಲ್ಲ. ನಮ್ಮಲ್ಲಿ ತೆರವಾಗಿದ್ದದ್ದು ನಾಲ್ಕು ಜಾಗ, ಕೈಯಲ್ಲಿದ್ದದ್ದು ಆರು ಪಿಕ್. ಇನ್ನಿಬ್ಬರನ್ನು ಕೈಬಿಡದೆ ಗತ್ಯಂತರವಿರಲಿಲ್ಲ.

ಒಬ್ಬರು ಹೇಗೂ ನಿವೃತ್ತಿಯ ಯೋಚನೆಯಲ್ಲಿದ್ದರು. ಇನ್ನೊಬ್ಬ 21 ವರ್ಷದ ಹುಡುಗ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು, ಶಸ್ತ್ರಚಿಕಿತ್ಸೆಯಾಗಿ, ಒಂಟಿಯಾಗಿ ಓಡುವ ಅಭ್ಯಾಸಕ್ಕೆ ಆಗಷ್ಟೇ ಮರಳಿದ್ದ. ಅವನಿಗೆ ಇನ್ನೊಂದು ವರ್ಷದ ಕರಾರು ಕೊಡುವುದೆಂದು ಆಗಸ್ಟಿನಲ್ಲೇ ಮಾತಾಗಿತ್ತು, ಸಹಿ ಮಾತ್ರ ಆಗಿರಲಿಲ್ಲ. ಈಗ ಕೈಬಿಟ್ಟು, ನವೆಂಬರಿನ ರೂಕಿ ಡ್ರಾಫ್ಟಿನಲ್ಲಿ ಮತ್ತೆ ತೆಗೆದುಕೊಳ್ಳುವುದೆಂದು ನಿಶ್ಚಯವಾಯಿತು. ಅನೇಕ ಕ್ಲಬ್ಬುಗಳು ಅನುಸರಿಸುವ ಕ್ರಮವೇ ಅದು. ಆದರೆ ನಡುವಿನ ವಾರಗಳಲ್ಲಿ ಅವನು ಯಾವ ಕ್ಲಬ್ಬಿಗೂ ಸೇರದವನು. ಅವನ ಕಾಲು ಇನ್ನೂ ಪೂರ್ತಿ ವಾಸಿಯಾಗಿಲ್ಲ. ನಾನು ಆ ಭೇಟಿಯಲ್ಲಿ ಇರಬೇಕಾದ ಅಗತ್ಯವಿರಲಿಲ್ಲವಾದರೂ, ಲೆಕ್ಕ ನನ್ನದಾಗಿದ್ದುದರಿಂದ ಅನುಮತಿ ಕೇಳಿ ಹೋಗಿ ಕುಳಿತೆ. ಲಿಸ್ಟ್ ಮ್ಯಾನೇಜರರು ವಿಷಯವನ್ನು ಸುತ್ತಿಬಳಸದೆ ಹೇಳಿದರು. ಹುಡುಗ ಎಲ್ಲವನ್ನೂ ಕೇಳಿಸಿಕೊಂಡು, ಆ ವಾರಗಳಲ್ಲಿ ತಾನು ಕ್ಲಬ್ಬಿನ ಫಿಸಿಯೊ ಬಳಿ ಬರಬಹುದೇ ಎಂಬ ಒಂದೇ ಪ್ರಶ್ನೆ ಕೇಳಿದ. ಅದಕ್ಕೆ ತಕ್ಷಣ ಉತ್ತರ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಅದನ್ನು ಯಾರೂ ಯೋಚಿಸಿರಲಿಲ್ಲ. ಯೋಚಿಸಬೇಕಾದವರಲ್ಲಿ ಮೊದಲಿಗ ನಾನಾಗಿದ್ದೆ. ಸಂಜೆಯೊಳಗೆ ಚಿಕಿತ್ಸೆ ಮುಂದುವರಿಯುವ ಏರ್ಪಾಡಾಯಿತು, ನವೆಂಬರಿನಲ್ಲಿ ಕೊಟ್ಟ ಮಾತಿನಂತೆ ಅವನ ಹೆಸರನ್ನು ಮತ್ತೆ ಕೂಗಿದೆವು. ಆದರೂ ಅವನ ತಾಯಿತಂದೆ ಆ ವಾರಗಳನ್ನು ಹೇಗೆ ಕಳೆದಿರಬಹುದೆಂಬುದು ನನ್ನ ಮನಸ್ಸಿನಿಂದ ಹೋಗಿಲ್ಲ.

ಆ ಬೇಸಿಗೆಯಲ್ಲಿ ನನ್ನ ಕೋಷ್ಟಕವನ್ನು ಬುಡದಿಂದ ತಿದ್ದಿದೆ. ಅಂಕಗಳ ಕಾಲಮ್ಮಿಗಿಂತ ಮೊದಲು 'ಜಾಗ' ಎಂಬ ಕಾಲಮ್ಮನ್ನು ಸೇರಿಸಿ, ಪ್ರತಿ ವಿನಿಮಯದ ಎದುರು ಅದರಿಂದ ಯಾರ ಜಾಗ ಹೋಗಬೇಕಾಗುತ್ತದೆ ಎಂಬುದನ್ನು ಹೆಸರು ಸಹಿತ ಬರೆಯತೊಡಗಿದೆ. 50ರ ಆಚೆಯ ಸರದಿಯಲ್ಲಿ ಬರುವ, ಇನ್ನೂ ಕಂಡಿಲ್ಲದ 18ರ ಹುಡುಗನಿಗಿಂತ ಈಗಾಗಲೇ ನಮ್ಮಲ್ಲಿರುವ 22ರ ಹುಡುಗ ಹೆಚ್ಚು ಪಂದ್ಯ ಆಡುವ ಸಂಭವವಿದೆಯೇ ಎಂದು ಹಳೆಯ ಡ್ರಾಫ್ಟುಗಳ ಆಧಾರದಲ್ಲಿ ಹೋಲಿಸಿ ನೋಡುವ ರೂಢಿ ಮಾಡಿದೆ. ಎಷ್ಟೋ ವಿನಿಮಯಗಳು ಆ ಕಾಲಮ್ಮಿನಲ್ಲೇ ಬಿದ್ದುಹೋದವು. 2025ರಿಂದ ಲೀಗ್ ಕೋಷ್ಟಕವನ್ನು ಪರಿಷ್ಕರಿಸಿ ರಿಯಾಯಿತಿಯನ್ನು ಶೇ. 10ಕ್ಕೆ ಇಳಿಸಿದ ಮೇಲೆ ಹಿಂದಿನ ಸರದಿಗಳನ್ನು ರಾಶಿ ಹಾಕುವ ಲಾಭ ಮೊದಲಿನಷ್ಟಿಲ್ಲ. ನನಗೆ ಅದು ಒಳ್ಳೆಯ ಬದಲಾವಣೆಯಾಗಿ ಕಾಣುತ್ತದೆ.

ಟ್ರೇಡ್ ಅವಧಿಯ ಕೊನೆಯ ದಿನದ ಬಗ್ಗೆ ಜನರಿಗೆ ಕುತೂಹಲವಿರುವುದರಿಂದ ಎರಡು ಮಾತು. ಈಚಿನ ವರ್ಷಗಳಲ್ಲಿ ಗಡುವು ಸಂಜೆ 7.30. ಅಷ್ಟರೊಳಗೆ ಕಾಗದಪತ್ರ ಲೀಗಿಗೆ ತಲುಪಬೇಕು, ಆಟಗಾರನ ಸಹಿ ಬೇಕು, ವೈದ್ಯಕೀಯ ಪರೀಕ್ಷೆ ಮುಗಿದಿರಬೇಕು. ಒಂದು ಟ್ರೇಡ್ ನಡೆಯಲು ಇನ್ನೊಂದು ಕ್ಲಬ್ಬಿನ ಬೇರೊಂದು ಟ್ರೇಡ್ ಮುಗಿದು ಪಿಕ್ ಕೈಸೇರಬೇಕಾಗಿರುವುದರಿಂದ ಗಂಟೆಗಟ್ಟಲೆ ಏನೂ ಆಗುವುದಿಲ್ಲ, ಆಮೇಲೆ ಎಲ್ಲವೂ ಒಟ್ಟಿಗೆ ಆಗುತ್ತದೆ. ಆ ಹೊತ್ತಿನಲ್ಲಿ ಹೊಸ ವಿಚಾರಕ್ಕೆ ಎಡೆಯಿಲ್ಲ. 'ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ' ಎಂಬ ಅಂಕೆಯನ್ನು ಜುಲೈಯಲ್ಲೇ ಬರೆದು ಲಕೋಟೆಯಲ್ಲಿಟ್ಟು ಮುಚ್ಚುವ ಪದ್ಧತಿ ನಮ್ಮಲ್ಲಿತ್ತು. ಗಡುವಿನ ಒತ್ತಡದಲ್ಲಿ ನಾವೇ ನಮ್ಮ ಮಾತನ್ನು ಮೀರದಂತೆ ತಡೆದದ್ದು ಆ ಲಕೋಟೆ.

ಡ್ರಾಫ್ಟು ಮುಗಿದ ಮೇಲೂ ಹಲಗೆಯ ಮೇಲೆ ಒಂದು ಜಾಗವನ್ನು ಖಾಲಿ ಬಿಡಬೇಕೆಂದು ನಾನು ಪ್ರತಿವರ್ಷ ವಾದಿಸುತ್ತಿದ್ದೆ. ಋತುವಿನ ನಡುವೆ ನಡೆಯುವ ರೂಕಿ ಡ್ರಾಫ್ಟು 2019ರಲ್ಲಿ ಮರಳಿ ಬಂದಾಗ ರಿಚ್ಮಂಡ್ 13ನೇ ಪಿಕ್‌ನಲ್ಲಿ 27 ವರ್ಷದ ಮಾರ್ಲಿಯನ್ ಪಿಕೆಟ್ ಅವರನ್ನು ಆರಿಸಿಕೊಂಡಿತು. ಅದೇ ವರ್ಷದ ಗ್ರ್ಯಾಂಡ್ ಫೈನಲೇ ಅವರ ಮೊದಲ ಎಎಫ್ಎಲ್ ಪಂದ್ಯವಾಗಿ, ಅವರು ಚಾಂಪಿಯನ್ ಪದಕ ಧರಿಸಿದರು. ಆಟಗಾರರೊಬ್ಬರ ನಿವೃತ್ತಿಯಿಂದ ರಿಚ್ಮಂಡ್ ಪಟ್ಟಿಯಲ್ಲಿ ಆ ಜಾಗ ತೆರವಾಗಿರದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ನಾನು ಕೆಲಸ ಬಿಡುವ ಹೊತ್ತಿಗೆ ಹಲಗೆಯ ಬಲತುದಿಯಲ್ಲಿ 2028 ಎಂಬ ಸಾಲು ಬಂದಿತ್ತು. ಆ ವರ್ಷ ಟಾಸ್ಮೇನಿಯಾ 19ನೇ ತಂಡವಾಗಿ ಲೀಗನ್ನು ಸೇರಲಿದೆ. ಗೋಲ್ಡ್ ಕೋಸ್ಟ್ ಮತ್ತು ಜಿಡಬ್ಲ್ಯುಎಸ್ ಬಂದಾಗ 2010 ಹಾಗೂ 2011ರ ಡ್ರಾಫ್ಟುಗಳಲ್ಲಿ ಮೊದಲ ಮೂರು ಪಿಕ್‌ಗಳನ್ನೂ ಅವೇ ಬಳಸಿದ್ದವು. ಹೊಸ ತಂಡ ಬರುವ ಮುನ್ನ ಒಳ್ಳೆಯ ಹುಡುಗರನ್ನು ಕೂಡಿಟ್ಟುಕೊಳ್ಳಬೇಕು, ಯಾವ ಮುಖ್ಯ ಆಟಗಾರನ ಕರಾರೂ 2027ರಲ್ಲಿ ಮುಗಿಯಬಾರದು ಎಂದು ನಾವು ಲೆಕ್ಕ ಹಾಕಿದ್ದೆವು. 2027ರ ಸಾಲಿನಲ್ಲಿದ್ದ ಬಿಲ್ಲೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸುವ ಕೆಲಸ ಆಗ ಅರ್ಧಕ್ಕೆ ಬಂದಿತ್ತು. ಮೊಣಕಾಲಿನ ಆ ಹುಡುಗನ ಬಿಲ್ಲೆಯನ್ನು ನಾನೇ ಸರಿಸಿದೆ. ಈ ಸಲ ಅವನ ಸಹಿ ಮೊದಲೇ ಆಗಿತ್ತು.