ಇಂಗ್ಲೆಂಡಿನ ಫ್ಲ್ಯಾಟಿನ ಲೀಸ್ ವಿಸ್ತರಣೆ: 80 ವರ್ಷದ ಗಡಿ ದಾಟುವ ಮುನ್ನ

ಬೆಂಗಳೂರಿನಲ್ಲಿ ‘ಮನೆ ಲೀಸಿಗೆ ಹಾಕಿಕೊಂಡಿದ್ದೇವೆ’ ಎಂದರೆ, ಮಾಲೀಕರಿಗೆ ದೊಡ್ಡ ಮೊತ್ತವೊಂದನ್ನು ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಆ ಹಣವನ್ನು ವಾಪಸು ಪಡೆಯುವ ಭೋಗ್ಯದ ಏರ್ಪಾಡು ಎಂದೇ ಅರ್ಥ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟ್ ಕೊಳ್ಳುವವರು ಮೊದಲು ಮರೆಯಬೇಕಾದದ್ದು ಈ ಅರ್ಥವನ್ನು. ಇಲ್ಲಿ ಬ್ಯಾಂಕಿನ ಸಾಲ ಮಾಡಿ ಪೂರ್ತಿ ಬೆಲೆ ತೆತ್ತು, ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಹೆಸರು ನೋಂದಾಯಿಸಿಕೊಂಡ ಮೇಲೂ ಲೀಸ್‌ಹೋಲ್ಡ್ ಫ್ಲ್ಯಾಟಿನಲ್ಲಿ ನಿಮಗಿರುವುದು ಇಂತಿಷ್ಟು ವರ್ಷಗಳ ಹಕ್ಕು ಮಾತ್ರ. ನೆಲ ಮತ್ತು ಕಟ್ಟಡ ಫ್ರೀಹೋಲ್ಡರ್‌ಗೆ ಸೇರಿದ್ದು. ಅವಧಿ ಮುಗಿದಾಗ ಫ್ಲ್ಯಾಟು ಆತನಿಗೇ ಮರಳುತ್ತದೆ, ಕೊಟ್ಟ ಹಣದಲ್ಲಿ ಬಿಡಿಗಾಸೂ ವಾಪಸು ಬರುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಮನೆಗಳಿಗೆ ಈ ಪದ್ಧತಿ ಇಲ್ಲವೆಂದೇ ಹೇಳಬಹುದಾದ್ದರಿಂದ ಎಡಿನ್‌ಬರೋ, ಗ್ಲಾಸ್ಗೋ ಕಡೆಯ ಓದುಗರಿಗೆ ಈ ತಲೆನೋವು ಬೇಡ.

ಮೊದಲ ಕೆಲಸ, ಲೀಸ್ ಪತ್ರವನ್ನು ತೆಗೆದು ವರ್ಷ ಎಣಿಸುವುದು. ನೀವು ಕೊಂಡ ದಿನದಿಂದ ಎಣಿಸಬಾರದು. ಪತ್ರದಲ್ಲಿ ‘ಟರ್ಮ್’ ಎಂಬ ಪದದ ಬಳಿ ಕಾಣುವ ದಿನಾಂಕದಿಂದ ಎಣಿಸಬೇಕು. ಅದು ಬಹಳ ಸಲ ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29 ಅಥವಾ ಡಿಸೆಂಬರ್ 25 ಆಗಿರುತ್ತದೆ. ಇಂಗ್ಲೆಂಡಿನಲ್ಲಿ ಹಿಂದಿನಿಂದಲೂ ಗೇಣಿ, ಬಾಡಿಗೆ ಸಲ್ಲಿಸುತ್ತ ಬಂದ ತ್ರೈಮಾಸಿಕ ದಿನಗಳಿವು. ‘2008ರ ಜೂನ್ 24ರಿಂದ 99 ವರ್ಷ’ ಎಂದು ಬರೆದ ಫ್ಲ್ಯಾಟನ್ನು ನೀವು 2015ರಲ್ಲಿ ಕೊಂಡಿದ್ದರೆ, ನಿಮಗೆ ಸಿಕ್ಕಿದ್ದು 99 ಅಲ್ಲ, ಸುಮಾರು 92 ವರ್ಷ. 2027ರ ಜೂನ್ 24ಕ್ಕೆ ಅದು 80ಕ್ಕೆ ಇಳಿದಿರುತ್ತದೆ. ಆ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಅತಿ ಎನಿಸಬಹುದು, ನಾನಂತೂ ಹಾಕಿದ್ದೆ.

80ಕ್ಕೆ ಏಕಿಷ್ಟು ಮಹತ್ವ ಎಂಬುದು ಬೆಲೆಯ ಲೆಕ್ಕದಲ್ಲಿದೆ. 1993ರ ಕಾಯ್ದೆಯ ಪ್ರಕಾರ, ಮೂಲದಲ್ಲಿ 21 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಬರೆದುಕೊಟ್ಟ ಲೀಸ್ ಇದ್ದರೆ, ಉಳಿದ ಅವಧಿಯ ಮೇಲೆ ಇನ್ನೂ 90 ವರ್ಷವನ್ನು ಪಡೆಯುವ ಹಕ್ಕು ಸಾಮಾನ್ಯವಾಗಿ ನಿಮಗಿರುತ್ತದೆ, ಫ್ರೀಹೋಲ್ಡರ್‌ಗೆ ವರ್ಷವರ್ಷ ಕೊಡುವ ನೆಲಬಾಡಿಗೆ, ಅಂದರೆ ಗ್ರೌಂಡ್ ರೆಂಟ್, ‘ಒಂದು ಪೆಪ್ಪರ್‌ಕಾರ್ನ್‌’ಗೆ ಇಳಿಯುತ್ತದೆ. ಎಂದರೆ ಒಂದು ಕಾಳುಮೆಣಸು, ಅರ್ಥಾತ್ ಸೊನ್ನೆ. ಮೆಣಸು ಬೆಳೆಯುವ ಮಲೆನಾಡಿನಿಂದ, ಕೊಡಗಿನಿಂದ ಬಂದವರಿಗೆ ಇದು ತಮಾಷೆಯಾಗಿ ಕಾಣಬಹುದಾದರೂ ಕಾನೂನಿನ ಪತ್ರದಲ್ಲಿ ಹಾಗೆಯೇ ಬರೆದಿರುತ್ತದೆ. ಇದಕ್ಕೆ ಪ್ರತಿಯಾಗಿ ಫ್ರೀಹೋಲ್ಡರ್‌ಗೆ ‘ಪ್ರೀಮಿಯಂ’ ಕೊಡಬೇಕು. ಆತ ಕಳೆದುಕೊಳ್ಳುವ ಗ್ರೌಂಡ್ ರೆಂಟಿನ ಇಂದಿನ ಮೌಲ್ಯ ಮತ್ತು 90 ವರ್ಷ ತಡವಾಗಿ ಕೈಸೇರಲಿರುವ ಫ್ಲ್ಯಾಟಿನಿಂದ ಆತನಿಗಾಗುವ ನಷ್ಟ, ಇವೆರಡೂ ಅದರಲ್ಲಿ ಸೇರಿರುತ್ತವೆ. ಉಳಿದ ಅವಧಿ 80 ವರ್ಷಕ್ಕಿಂತ ಹೆಚ್ಚಿದ್ದರೆ ಲೆಕ್ಕ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ‘ಮ್ಯಾರೇಜ್ ವ್ಯಾಲ್ಯೂ’ ಎಂಬ ಮೂರನೆಯ ಬಾಬತ್ತು ಸೇರಿಕೊಳ್ಳುತ್ತದೆ: ಲೀಸ್ ಉದ್ದವಾದದ್ದರಿಂದ ಒಟ್ಟಾರೆ ಹುಟ್ಟುವ ಹೆಚ್ಚುವರಿ ಮೌಲ್ಯದಲ್ಲಿ ಅರ್ಧ ಫ್ರೀಹೋಲ್ಡರ್‌ಗೆ.

ಅಂಕಿ ಹಾಕಿ ನೋಡಿದರೆ ಇದು ತಿಳಿಯಾಗುತ್ತದೆ. 3,00,000 ಪೌಂಡ್ ಬೆಲೆಯ, ವರ್ಷಕ್ಕೆ 150 ಪೌಂಡ್ ಗ್ರೌಂಡ್ ರೆಂಟ್ ಇರುವ ಫ್ಲ್ಯಾಟಿಗೆ 81 ವರ್ಷ ಉಳಿದಿದೆ ಎನ್ನೋಣ. ಫ್ಲ್ಯಾಟುಗಳಿಗೆ ರೂಢಿಯಲ್ಲಿರುವ ಶೇಕಡಾ 5ರ ದರದಲ್ಲಿ 81 ವರ್ಷದ ಆಚೆಯ 3,00,000 ಪೌಂಡಿಗೆ ಇಂದಿನ ಬೆಲೆ ಸುಮಾರು 5,800. ಗ್ರೌಂಡ್ ರೆಂಟನ್ನು ಶೇಕಡಾ 7ರಂತೆ ಲೆಕ್ಕ ಹಾಕಿದರೆ ಸುಮಾರು 2,100. ಒಟ್ಟು 7,900 ಪೌಂಡಿನ ಆಸುಪಾಸು. ಅದೇ ಫ್ಲ್ಯಾಟಿಗೆ 79 ವರ್ಷ ಉಳಿದಿದ್ದರೆ ಈ ಎರಡು ಬಾಬತ್ತು ಸೇರಿ 8,500 ಆಗುತ್ತದೆ. ಎರಡು ವರ್ಷಕ್ಕೆ ಆರುನೂರು ಹೆಚ್ಚು, ತಡೆದುಕೊಳ್ಳಬಹುದು. ಆದರೆ ಮ್ಯಾರೇಜ್ ವ್ಯಾಲ್ಯೂ 12,000 ಎಂದು ನಿಗದಿಯಾದರೆ ಅದರ ಅರ್ಧ, 6,000 ಪೌಂಡ್, ಇದರ ಮೇಲೆ ಬೀಳುತ್ತದೆ. ಇದರ ಜೊತೆಗೆ ನಿಮ್ಮ ಸಾಲಿಸಿಟರ್ (ವಕೀಲ) ಮತ್ತು ಪ್ರೀಮಿಯಂ ಲೆಕ್ಕ ಹಾಕುವ ಸರ್ವೇಯರ್‌ಗೆ ಕೊಡುವುದಲ್ಲದೆ, ಫ್ರೀಹೋಲ್ಡರ್ ಕಡೆಯ ನ್ಯಾಯಯುತ ವೆಚ್ಚವನ್ನೂ ಇನ್ನೂ ಜಾರಿಯಲ್ಲಿರುವ ಹಳೆಯ ನಿಯಮದಂತೆ ನೀವೇ ಭರಿಸಬೇಕು.

ವಿಸ್ತರಣೆಗೆ ದಾರಿ ಎರಡು. ಮಾತುಕತೆಯ ದಾರಿ ಸುಲಭವಾಗಿ ಕಾಣುತ್ತದೆ. 2019ರಲ್ಲಿ ನನಗೂ ಫ್ರೀಹೋಲ್ಡರ್‌ನ ಏಜೆಂಟರಿಂದ ಒಂದು ನಯವಾದ ಕಾಗದ ಬಂದಿತ್ತು: ಲೀಸನ್ನು ಮತ್ತೆ 125 ವರ್ಷಕ್ಕೆ ಏರಿಸಿಕೊಡುತ್ತೇವೆ, ಪ್ರೀಮಿಯಂ ಕಡಿಮೆ, 28 ದಿನದೊಳಗೆ ಒಪ್ಪಿಗೆ ತಿಳಿಸಿ. ಎರಡನೆಯ ಪುಟದ ಕೆಳತುದಿಯಲ್ಲಿ, ಗ್ರೌಂಡ್ ರೆಂಟ್ 250 ಪೌಂಡಿಗೆ ಏರಿ ಪ್ರತಿ 25 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂಬ ಒಂದೇ ಸಾಲು ಇತ್ತು. 2022ರ ಜೂನ್ 30ರಿಂದ ಜಾರಿಯಲ್ಲಿರುವ ಕಾಯ್ದೆಯು ಹೀಗೆ ಹೊಸದಾಗಿ ಸೇರಿಸಿಕೊಂಡ ವರ್ಷಗಳಿಗೆ ಗ್ರೌಂಡ್ ರೆಂಟ್ ಹೇರುವುದನ್ನು ತಡೆದಿದೆಯಾದರೂ, ಹಳೆಯ ಅವಧಿ ಮುಗಿಯುವವರೆಗೆ ಅದು ಮುಂದುವರಿಯಬಹುದು. ಅಲ್ಲದೆ ಮಾತುಕತೆಗೆ ಗಡುವಿಲ್ಲ; ಕೊನೆಯ ಗಳಿಗೆಯಲ್ಲಿ ಫ್ರೀಹೋಲ್ಡರ್ ಹಿಂದೆ ಸರಿದರೆ ಕೇಳುವವರಿಲ್ಲ, ಅಷ್ಟರಲ್ಲಿ ನಿಮ್ಮ 80 ಜಾರಿಹೋಗಿರಬಹುದು.

ಆದ್ದರಿಂದ ಎರಡನೆಯದಾದ, 1993ರ ಕಾಯ್ದೆಯ ಸೆಕ್ಷನ್ 42ರಡಿ ಫ್ರೀಹೋಲ್ಡರ್‌ಗೆ ಕೊಡುವ ನೋಟಿಸಿನ ದಾರಿಯೇ ಮೇಲೆಂಬುದು ನನ್ನ ಅಭಿಪ್ರಾಯ. ನೋಟಿಸು ತಲುಪಿದ ದಿನಕ್ಕೇ ಬೆಲೆಯ ಲೆಕ್ಕ ನಿಂತುಬಿಡುತ್ತದೆ; ಮುಂದೆ ಎಷ್ಟೇ ಎಳೆದಾಡಿದರೂ ಉಳಿದ ವರ್ಷಗಳನ್ನು ಆ ದಿನದಂತೆಯೇ ಎಣಿಸುತ್ತಾರೆ. ನೀವು ಕೊಡಲು ಸಿದ್ಧವಿರುವ ಮೊತ್ತವನ್ನು ಅದರಲ್ಲಿ ನಮೂದಿಸಬೇಕು, ಅದು ನಗೆಪಾಟಲಿನ ಮೊತ್ತವಾಗಿರಬಾರದು. ಹಾಗಾಗಿ ಮೊದಲು ಸರ್ವೇಯರ್, ಆಮೇಲೆ ನೋಟಿಸು. ಫ್ರೀಹೋಲ್ಡರ್ ಕೇಳಿದರೆ ಆ ಮೊತ್ತದ ಶೇಕಡಾ 10 ಅಥವಾ 250 ಪೌಂಡ್, ಯಾವುದು ಹೆಚ್ಚೋ ಅದನ್ನು ಠೇವಣಿ ಇಡಬೇಕು. ಪ್ರತಿ-ನೋಟಿಸು ಕೊಡಲು ಆತನಿಗೆ ಕನಿಷ್ಠ ಎರಡು ತಿಂಗಳ ಸಮಯವಿರುತ್ತದೆ. ಅದು ಬಂದ ಮೇಲೆ ಬೆಲೆ ಕುದುರದಿದ್ದರೆ, ಎರಡು ತಿಂಗಳು ಕಳೆದ ನಂತರ, ಆದರೆ ಆರು ತಿಂಗಳು ತುಂಬುವುದರೊಳಗೆ ಇಂಗ್ಲೆಂಡಿನಲ್ಲಿ ಇಂಥ ವ್ಯಾಜ್ಯ ತೀರ್ಮಾನಿಸುವ ಫಸ್ಟ್-ಟಿಯರ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಈ ಆರು ತಿಂಗಳನ್ನು ಮರೆತವರ ನೋಟಿಸು ಹಿಂತೆಗೆದುಕೊಂಡಂತೆ ಆಗುತ್ತದೆ, ಮತ್ತೆ ಹನ್ನೆರಡು ತಿಂಗಳು ಹೊಸದನ್ನು ಕೊಡುವಂತಿಲ್ಲ, ಎದುರು ಪಕ್ಷದ ವೆಚ್ಚವಂತೂ ತಪ್ಪುವುದಿಲ್ಲ. ಮದುವೆ, ರಜೆ ಎಂದು ಊರಿಗೆ ಹೋಗಿ ಕೂರುವ ನಮ್ಮಂಥವರು ಈ ದಿನಾಂಕವನ್ನು ಸಾಲಿಸಿಟರ್‌ನಿಂದ ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ. ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಎಂಬ ಸರ್ಕಾರಿ ನೆರವಿನ ಸಂಸ್ಥೆಯ ಆರಂಭಿಕ ಸಲಹೆ ಉಚಿತ.

ಹಿಂದೆ ಎರಡು ವರ್ಷ ಒಡೆತನ ಪೂರೈಸಿದವರಿಗಷ್ಟೇ ಈ ಹಕ್ಕಿತ್ತು. 2025ರ ಜನವರಿ 31ರಿಂದ ಆ ಷರತ್ತು ರದ್ದಾಗಿದೆ. ಆದರೂ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಹೆಸರು ಏರುವವರೆಗೆ ನೋಟಿಸು ಕೊಡಲಾಗದು, ಹೆಸರು ಏರುವುದು ನಿಧಾನ. 80ರ ಅಂಚಿನಲ್ಲಿರುವ ಫ್ಲ್ಯಾಟನ್ನು ಕೊಳ್ಳುತ್ತಿದ್ದರೆ, ಮಾರುವವರಿಂದಲೇ ನೋಟಿಸು ಕೊಡಿಸಿ ಅದರ ಹಕ್ಕನ್ನು ಖರೀದಿಯ ಜೊತೆಗೇ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. 2024ರ ಕಾಯ್ದೆಯಲ್ಲಿ 990 ವರ್ಷದ ವಿಸ್ತರಣೆ ಹಾಗೂ ಮ್ಯಾರೇಜ್ ವ್ಯಾಲ್ಯೂ ರದ್ದತಿ ಎರಡೂ ಇವೆ, ಆದರೆ ಅವುಗಳನ್ನು ಜಾರಿಗೆ ತರುವ ಆದೇಶ ಬರುವವರೆಗೆ ಹಳೆಯ ಲೆಕ್ಕವೇ ಲೆಕ್ಕ. ಈಗಾಗಲೇ 80ಕ್ಕಿಂತ ಕೆಳಗಿಳಿದು, ಮಾರುವ ಅಥವಾ ಸಾಲ ಬದಲಿಸುವ ಅವಸರವಿಲ್ಲದವರು ಕಾಯುವುದರಲ್ಲಿ ಅರ್ಥವಿದೆ. 81, 82ರಲ್ಲಿರುವವರು ಕಾಯುವುದು ನನಗೆ ಸರಿಕಾಣುವುದಿಲ್ಲ.

ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ಬೆಂಗಳೂರಿಗೋ ಮೈಸೂರಿಗೋ ಮರಳಿದವರಿಗೂ ಈ ಹಕ್ಕು ಉಂಟು. ಫ್ಲ್ಯಾಟಿನಲ್ಲಿ ನೀವೇ ವಾಸಿಸಬೇಕೆಂಬ ನಿಯಮ ಈಗಿಲ್ಲ. ಅಂಥವರು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ತಮ್ಮ ವಿಳಾಸವನ್ನು ಸರಿಪಡಿಸಿಕೊಳ್ಳಬೇಕು. ಮೂರು ವಿಳಾಸಗಳವರೆಗೆ ಕೊಡಬಹುದು, ಅದರಲ್ಲಿ ಭಾರತದ್ದೊಂದು, ಇಮೇಲ್ ಒಂದು ಇದ್ದರೆ, ಕಾಗದಗಳು ಬಾಡಿಗೆದಾರನ ಬಾಗಿಲ ಬುಡದಲ್ಲಿ ಪಿಜ್ಜಾ ಅಂಗಡಿಯ ಕರಪತ್ರಗಳ ಜೊತೆ ಬಿದ್ದಿರುವುದು ತಪ್ಪುತ್ತದೆ.