ದರ ಇರುವ ದಿನ ಎರಡು ಮೆಸೇಜ್ ಹೋಗದಂತೆ ಮಾಡುವುದು ಹೇಗೆ?

ಶಿವಮೊಗ್ಗದಲ್ಲಿ ನನ್ನ ಹತ್ತಿರ ಜಾವಾ ಕಲಿಯಲು ಬರುವವರಿಗೆ ನಾನು ಕೊಡುವ ಕೆಲಸ ಅಡಿಕೆ ದರದ ಮೆಸೇಜ್. ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆ ಬಗೆಗಳ ದಿನದ ದರ ಹುಡುಕಿ ಬೆಳೆಗಾರರಿಗೆ ಕಳಿಸಬೇಕು. ಕೆಲವು ದಿನ ಸರಕು ಬಗೆಯ ಅಡಿಕೆ ಮಾರುಕಟ್ಟೆಗೆ ಬಂದಿರುವುದೇ ಇಲ್ಲ, ದರವೂ ಇರುವುದಿಲ್ಲ. ಎಡವುವುದು ಅಲ್ಲೇ.

ಮೊದಲು, ದರ ಹುಡುಕುವ ಮೆಥಡ್ ಮೋನೊ ಕೊಡಲಿ. ಜಾವಾದ ರಿಯಾಕ್ಟರ್ ಲೈಬ್ರರಿಯ ಮೋನೊ ಒಂದು ವ್ಯಾಲ್ಯೂ ಕೊಡಬಹುದು, ಏನೂ ಕೊಡದೆಯೂ ಮುಗಿಯಬಹುದು. ಅದರೊಳಗೆ ಮತ್ತೆ ಆಪ್ಷನಲ್ (ವ್ಯಾಲ್ಯೂ ಇರಬಹುದಾದ, ಇಲ್ಲದಿರಬಹುದಾದ ಜಾವಾ ಡಬ್ಬಿ) ತುರುಕಬೇಡಿ. ಬೇರೆಯವರು ಹಾಗೆ ಕೊಟ್ಟರೆ, ಬಂದ ವ್ಯಾಲ್ಯೂ ಹಿಡಿದು ಇನ್ನೊಂದು ಮೋನೊ ಓಡಿಸುವ ಫ್ಲಾಟ್‌ಮ್ಯಾಪ್‌ನಲ್ಲಿ ಮೋನೊ.ಜಸ್ಟ್‌ಆರ್‌ಎಂಪ್ಟಿ ಕರೆದು ಬಿಡಿಸಿಕೊಳ್ಳಿ. ವ್ಯಾಲ್ಯೂ ಬದಲಿಸಿ ಕೊಡುವ ಮ್ಯಾಪ್‌ನಿಂದ ನಲ್ ವಾಪಸ್ ಕೊಡಲೇಬೇಡಿ, ನಲ್‌ಪಾಯಿಂಟರ್‌ಎಕ್ಸೆಪ್ಷನ್ ಬರುತ್ತದೆ.

ಈಗ ಕಷ್ಟದ ಜಾಗ. ಹೆಚ್ಚಿನವರು ದರ ಹುಡುಕುತ್ತಾರೆ, ಫ್ಲಾಟ್‌ಮ್ಯಾಪ್‌ನಲ್ಲಿ ಮೆಸೇಜ್ ಕಳಿಸುತ್ತಾರೆ, ಕೊನೆಗೆ, ಖಾಲಿ ಬಂದರೆ ಬೇರೆ ಮೋನೊಗೆ ತಿರುಗುವ ಸ್ವಿಚ್‌ಇಫ್‌ಎಂಪ್ಟಿ ಹಾಕಿ 'ಇಂದು ದರವಿಲ್ಲ' ಎಂದು ಕಳಿಸುತ್ತಾರೆ. ಓದಲು ಸರಿಯಾಗಿದೆ, ಅಲ್ವಾ? ಆದರೆ ದರ ಇರುವ ದಿನ ಬೆಳೆಗಾರರಿಗೆ ಎರಡೂ ಮೆಸೇಜ್ ಹೋಗುತ್ತವೆ. ಕಳಿಸುವ ಮೆಥಡ್ ಕೊಡುವುದು ವಾಯ್ಡ್ ಮೋನೊ. ಕೆಲಸ ಮುಗಿದರೂ ಅದರಿಂದ ಯಾವ ವ್ಯಾಲ್ಯೂ ಹೊರಬರುವುದಿಲ್ಲ. ಕೆಳಗಿರುವ ಸ್ವಿಚ್‌ಇಫ್‌ಎಂಪ್ಟಿಗೆ ಕಾಣುವುದು ಬರೀ ಖಾಲಿ. ದರ ಸಿಗದೆ ಖಾಲಿಯೋ, ಕಳಿಸಿ ಮುಗಿದು ಖಾಲಿಯೋ, ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾಗಿ ಖಾಲಿಯನ್ನು ಹುಡುಕಿದ ಜಾಗದಲ್ಲೇ ತುಂಬಿ. ದರವನ್ನು ಮ್ಯಾಪ್‌ನಲ್ಲಿ ವಾಕ್ಯ ಮಾಡಿ. ಅದರ ಕೆಳಗೇ ಡೀಫಾಲ್ಟ್‌ಇಫ್‌ಎಂಪ್ಟಿಗೆ 'ಇಂದು ದರವಿಲ್ಲ' ಕೊಡಿ. ಆಮೇಲೆ ಒಂದೇ ಫ್ಲಾಟ್‌ಮ್ಯಾಪ್, ಒಂದೇ ಸಲ ಕಳಿಸುವುದು.

ನಿನ್ನೆಯ ದರ ತರಬೇಕಿದ್ದರೆ ಅದೇ ಜಾಗದಲ್ಲಿ ಸ್ವಿಚ್‌ಇಫ್‌ಎಂಪ್ಟಿ ಇರಲಿ. ಒಳಗಿನ ಕರೆಯನ್ನು, ಬೇಕಾದಾಗ ಮಾತ್ರ ಓಡಿಸುವ ಮೋನೊ.ಡಿಫರ್‌ನಲ್ಲಿ ಸುತ್ತಿ. ಇಲ್ಲದಿದ್ದರೆ ಪೈಪ್‌ಲೈನ್ ಕಟ್ಟುವಾಗಲೇ ಆ ಮೆಥಡ್ ಓಡುತ್ತದೆ, ಇವತ್ತಿನ ದರ ಸಿಕ್ಕ ದಿನವೂ.

ಸುಮ್ನೆ ಬ್ಲಾಕ್ (ಉತ್ತರ ಬರುವವರೆಗೆ ಥ್ರೆಡ್ ಕಾಯಿಸುವ ಮೆಥಡ್) ಕರೆದು ಇಫ್ ಹಾಕಿದರಾಯಿತು ಅನ್ನುವವರಿದ್ದಾರೆ. ಬೇಡ. ರಿಯಾಕ್ಟರ್‌ನ ಪ್ಯಾರಲಲ್ ಥ್ರೆಡ್‌ನಲ್ಲಿ ಅದು ಎಕ್ಸೆಪ್ಷನ್ ಎಸೆಯುತ್ತದೆ.

ಮಳೆಗೆ ನೆಟ್ ಹೋದರೆ ಅದು ಖಾಲಿಯಲ್ಲ, ಎರರ್. ಅದಕ್ಕೆ, ಎರರ್ ಬಂದಾಗ ಬೇರೆ ಮೋನೊಗೆ ತಿರುಗುವ ಆನ್‌ಎರರ್‌ರೆಸ್ಯೂಮ್ ಪ್ರತ್ಯೇಕವಾಗಿ ಬರೆಯಿರಿ. 'ದರವಿಲ್ಲ' ಎಂದು ಕಳಿಸಿದರೆ ಬೆಳೆಗಾರರಿಗೆ ಸುಳ್ಳು ಹೇಳಿದಂತೆ.

ಕೊನೆಗೆ ಕಳಿಸುವ ಜಾಗದಲ್ಲಿ ಎಣಿಕೆ ಇಟ್ಟು ಎರಡು ಟೆಸ್ಟ್ ಬರೆಯಿರಿ, ದರ ಇದ್ದ ದಿನಕ್ಕೊಂದು, ಇಲ್ಲದ ದಿನಕ್ಕೊಂದು. ಎರಡರಲ್ಲೂ ಎಣಿಕೆ 1 ಬರಬೇಕು.