ಕ್ಲಚ್‌ನ ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಕಳಿಸಿದ್ದು

ನನ್ನ 1972ರ ಎಂಜಿಬಿ ಕಾರಿನಲ್ಲಿ ಕ್ಲಚ್‌ನ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಪೈಪಿನಲ್ಲಿ ಬರುವ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸಿಲಿಂಡರ್) ಸೋರುತ್ತಿತ್ತು. ಹೊಸದು ಹಾಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಆದರೆ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯಲು ಎರಡು ದಿನ ಹಿಡಿಯಿತು.

ಪೆಡಲ್ ಒತ್ತಿದರೆ ಸ್ಪಂಜು ತುಳಿದ ಹಾಗೆ. ರಿವರ್ಸ್ ಹಾಕಲು ಹೋದರೆ ಕರ್ರ್ ಅನ್ನುತ್ತಿತ್ತು. ಆ ಗೇರಿಗೆ ಸಿಂಕ್ರೋ (ಗೇರುಗಳ ವೇಗ ಹೊಂದಿಸುವ ವ್ಯವಸ್ಥೆ) ಇಲ್ಲ, ಹಾಗಾಗಿ ಕ್ಲಚ್ ಇಂಜಿನ್ನಿನಿಂದ ಪೂರ್ತಿ ಬಿಡಿಸಿಕೊಳ್ಳದಿದ್ದರೆ ಮೊದಲು ಗೊತ್ತಾಗುವುದು ಅಲ್ಲೇ. ಬೇಗ ಬೇಗ ಮೂರ್ನಾಲ್ಕು ಸಲ ತುಳಿದರೆ ಮಾತ್ರ ಗೇರ್ ಸರಿಯಾಗಿ ಬೀಳುತ್ತಿತ್ತು, ಅಂದರೆ ಒಳಗೆ ಗಾಳಿ ಇದೆ. ಕಾಲು ಒತ್ತಿ ಹಿಡಿದಾಗ ಪೆಡಲ್ ತಾನಾಗೇ ಕೆಳಗಿಳಿದರೆ ಅದು ಬೇರೆ ಕಥೆ, ಸೀಲ್ ಹೋಗಿದೆ ಅಂತ ಅರ್ಥ. ಆಗ ಎಷ್ಟು ಏರ್ ತೆಗೆದರೂ ಪ್ರಯೋಜನ ಇಲ್ಲ.

ಮೊದಲ ದಿನ ಎಲ್ಲರೂ ಮಾಡುವ ಹಾಗೇ ಮಾಡಿದೆ. ತಮ್ಮ ಪೆಡಲ್ ಒತ್ತುವುದು, ನಾನು ಕಾರಿನಡಿ ಮಲಗಿ ಸ್ಲೇವ್ ಮೇಲಿನ ನಿಪ್ಪಲ್ (ಗಾಳಿ ಆಚೆ ಬಿಡುವ ಟೊಳ್ಳು ಸ್ಕ್ರೂ) ಸಡಿಲಿಸುವುದು, ಪೆಡಲ್ ತಳ ಮುಟ್ಟಿದಾಗ ಬಿಗಿ ಮಾಡುವುದು, ಆಮೇಲೆ ಅವನು ನಿಧಾನವಾಗಿ ಕಾಲು ಎತ್ತುವುದು. ಒಂದು ಬಾಟಲಿ ಡಾಟ್ 4 ಬ್ರೇಕ್ ಆಯಿಲ್ ಖಾಲಿಯಾಯಿತು, ಪೆಡಲ್ ಮಾತ್ರ ಹಾಗೇ ಇತ್ತು. ಒಂದು ಒತ್ತಿಗೆ ಹೋಗುವ ಆಯಿಲ್ ತುಂಬಾ ಕಡಿಮೆ. ಗುಳ್ಳೆ ಪೈಪಿನಲ್ಲಿ ಸ್ವಲ್ಪ ಕೆಳಗೆ ಬರುತ್ತೆ, ಕಾಲು ಎತ್ತಿದ ಕೂಡಲೇ ವಾಪಸ್ ಮೇಲೆ ಹೋಗುತ್ತೆ. ಗಾಳಿಗೆ ಮೇಲೆ ಹೋಗುವುದೇ ಸ್ವಭಾವ, ನಾವು ಅದನ್ನು ಕೆಳಗೆ ಎಳೀತಾ ಇದ್ದೀವಿ ಅಲ್ವಾ?

ಅದಕ್ಕೆ ಮಾರನೇ ದಿನ ತಿರುಗಾಮುರುಗಾ ಮಾಡಿದೆ. ಪೈಪಿನ ಮೇಲಿನ ತುದಿಯಲ್ಲಿರುವ ಆಯಿಲ್ ಡಬ್ಬಿಯಿಂದ ಅರ್ಧದಷ್ಟು ಆಯಿಲ್ ಹೀರಿ ತೆಗೆದೆ, ಇಲ್ಲದಿದ್ದರೆ ಉಕ್ಕಿ ಹರಿದು ಪೇಂಟ್ ಕಿತ್ತು ಹಾಕುತ್ತೆ. ದೊಡ್ಡ ಸಿರಿಂಜ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಹೊಸ ಆಯಿಲ್ ತುಂಬಿ, ಟ್ಯೂಬಿನ ತುದಿಯಲ್ಲಿ ಹನಿ ನಿಲ್ಲುವವರೆಗೂ ಒತ್ತಿ ಅದರೊಳಗಿನ ಗಾಳಿ ಮೊದಲೇ ತೆಗೆದೆ. ಆಮೇಲೆ ನಿಪ್ಪಲ್‌ಗೆ ಹಾಕಿ ತಂತಿಯಲ್ಲಿ ಬಿಗಿದೆ. ಟ್ಯೂಬ್ ಕಳಚಿದರೆ ಆಯಿಲ್ ಸೀದಾ ಮುಖಕ್ಕೇ ಚಿಮ್ಮುತ್ತೆ, ಕನ್ನಡಕ ಹಾಕಿಕೊಳ್ಳಲೇಬೇಕು. ನಿಪ್ಪಲ್ ಅರ್ಧ ಸುತ್ತು ಬಿಚ್ಚಿ, ಸಿರಿಂಜನ್ನು ಆತುರವಿಲ್ಲದೆ ಒಂದೇ ಸಮ ಒತ್ತುತ್ತಾ ಹೋದೆ.

ಮೇಲಿನಿಂದ ತಮ್ಮ ಕೂಗಿದ, "ಅಣ್ಣಾ, ಬಂತು! ದೊಡ್ಡ ಗುಳ್ಳೆ!" ಆಮೇಲೆ ಸಾಸಿವೆ ಕಾಳಿನಷ್ಟು ಸಣ್ಣವು ಸಾಲಾಗಿ ಬಂದವಂತೆ. ಎರಡನೇ ಸಿರಿಂಜ್ ಮುಗಿಯುವ ಹೊತ್ತಿಗೆ ನಿಂತವು.

ಪೆಡಲ್ ಬಹುತೇಕ ಗಟ್ಟಿಯಾಯಿತು, ಪೂರ್ತಿ ಅಲ್ಲ. ಉಳಿದ ಗಾಳಿ ಸ್ಲೇವ್‌ನ ಒಳಗೇ ಇತ್ತು. ಅದರ ಎರಡು ಬೋಲ್ಟ್ ಬಿಚ್ಚಿ, ಪೈಪ್ ಬಿಚ್ಚದೆ, ನಿಪ್ಪಲ್ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಹಿಡಿದು, ನಿಪ್ಪಲ್ ಸಡಿಲಿಸಿ ಪಿಸ್ಟನನ್ನು ಬೆರಳಿನಿಂದ ಪೂರ್ತಿ ಒಳಕ್ಕೆ ತಳ್ಳಿದೆ. ಬುಸ್ ಅಂತ ನೊರೆ ಬಂತು. ಪಿಸ್ಟನ್ ಒಳಗಿರುವಾಗಲೇ ನಿಪ್ಪಲ್ ಬಿಗಿ ಮಾಡಿದೆ. ಈ ಹೊತ್ತಲ್ಲಿ ಯಾರೂ ಪೆಡಲ್ ಮುಟ್ಟಬಾರದು, ಪಿಸ್ಟನ್ ಆಚೆ ಬಿದ್ದುಬಿಡುತ್ತೆ.

ಸ್ಲೇವ್ ವಾಪಸ್ ಕೂರಿಸಿ, ಡಬ್ಬಿ ತುಂಬಿಸಿ, ಇಂಜಿನ್ ಶುರು ಮಾಡಿ, ಒಂದೇ ಸಲ ಕ್ಲಚ್ ತುಳಿದು ರಿವರ್ಸ್ ಹಾಕಿದೆ. ಸದ್ದೇ ಇಲ್ಲದೆ ಬಿತ್ತು.